ಮುಯ್ಯಿ ಕವರಿನ ಬೆಳ್ಳಿ ಡಾಲರ್

ವಸಂತಿ ಕೊಟ್ಟ ಕವರನ್ನು ಬಿಚ್ಚಿ ನೋಡಬೇಕಾಗಿಯೇ ಇರಲಿಲ್ಲ. ಕೈಗೆ ಭಾರ ಹತ್ತಿದರೆ ಸಾಕು, ಇದು ಜಯರಾಜ್ ಮನೆಯವರದ್ದು ಅಂತ ಗೊತ್ತಾಗುತ್ತಿತ್ತು. ಗೃಹಪ್ರವೇಶವೋ ಹುಟ್ಟುಹಬ್ಬವೋ ಮದುವೆಯೋ, ನೂರರ ನೋಟಿನ ಜೊತೆ ಒಂದು ಸೇರಿಸಿ ಕೊಡುವುದು ನಮ್ಮ ಪದ್ಧತಿ. ಆ ಒಂದಕ್ಕೆ ಉಳಿದವರು ಮಾಸಿದ ಡಾಲರ್ ನೋಟನ್ನು ಮಡಚಿ ತುರುಕಿದರೆ, ವಸಂತಿ ಮಾತ್ರ ನೂರು ವರ್ಷ ದಾಟಿದ ಬೆಳ್ಳಿಯ ಡಾಲರ್ ಇಡುವವಳು. ಒಂದು ಮಗ್ಗುಲಲ್ಲಿ ಗುಂಗುರು ಕೂದಲಿನ ಹೆಂಗಸಿನ ಮುಖ, ಇನ್ನೊಂದರಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಬೆಳ್ಳಿ ಹೋದ ಮನೆಯಲ್ಲಿ ಲಕ್ಷ್ಮಿ ಕೂರುತ್ತಾಳೆ ಅಂತ ಅವಳ ನಂಬಿಕೆ. ಲಕ್ಷ್ಮಿ ಎಷ್ಟು ಮನೆಯಲ್ಲಿ ಕೂತಳೋ ಯಾರಿಗೆ ಗೊತ್ತು, ಬೇ ಏರಿಯಾದ ಕನ್ನಡದವರ ನಡುವೆ ವಸಂತಿಯ ಹೆಸರಂತೂ ಗಟ್ಟಿಯಾಗಿ ಕೂತಿತ್ತು.

ನಾಣ್ಯಗಳು ಗಂಡನವು, ಹೆಸರು ಹೆಂಡತಿಗೆ. ಜಯರಾಜನಿಗೆ ಅದರ ಬಗ್ಗೆ ಬೇಜಾರಿರಲಿಲ್ಲ. ಅವನ ಮೇಜಿನ ಮೇಲೆ ಎರಡು ಡಬ್ಬಿಗಳಿದ್ದವು. ಎಡಗಡೆಯದರಲ್ಲಿ ಕೈಯಿಂದ ಕೈಗೆ ಹೋಗಿ ಸವೆದ ಸಾಧಾರಣ ಡಾಲರುಗಳು, ಅವು ವಸಂತಿಯ ಕವರುಗಳಿಗೆ. ಬಲಗಡೆಯದರಲ್ಲಿ ಅವನು ಆರಿಸಿ ಆರಿಸಿ ಕೊಂಡವು. "ಬಲಗಡೆಯದ್ದು ಮುಟ್ಟಬೇಡ ಮಾರಾಯ್ತಿ" ಎಂದು ಒಂದೇ ಒಂದು ಕಟ್ಟುಪಾಡು. ಸಮಾರಂಭ ಇರುವ ದಿನ ಎಡಗಡೆಯ ಡಬ್ಬಿಯಿಂದ ಒಂದನ್ನು ತೆಗೆದು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದ. ಅವಳು ಎತ್ತಿಕೊಂಡು ಕವರಿಗೆ ಹಾಕುತ್ತಿದ್ದಳು. ಎಷ್ಟೋ ವರ್ಷಗಳಿಂದ ಹೀಗೇ ನಡೆದಿತ್ತು.

ಜಯರಾಜನ ಕಣ್ಣಿನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅವನು ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಗಳನ್ನಿಟ್ಟು ಕಲೆ, ಗೀರು, ಬಿರುಕು ಹುಡುಕುವ ಕೆಲಸದಲ್ಲಿದ್ದವನು. ಎಂಜಿನಿಯರುಗಳು ಗಂಟೆಗಟ್ಟಲೆ ನೋಡಿ ಏನೂ ಇಲ್ಲ ಅಂದದ್ದರಲ್ಲಿ ಇವನು ಒಂದು ನೋಟಕ್ಕೆ, "ಇಲ್ಲಿ ನೋಡಿ, ಕೂದಲಿನಷ್ಟು ಗೀರು ಉಂಟು" ಅಂದುಬಿಡುತ್ತಿದ್ದ. ಇಡೀ ಲ್ಯಾಬಿಗೆ ಅವನು ಜೆ.ಆರ್., ಜೆ.ಆರ್. ಕಣ್ಣು ಅಂದರೆ ಕಣ್ಣು. ಆಮೇಲೆ ಕಂಪನಿ ಕ್ಯಾಮೆರಾ ತಂದಿತು, ಕ್ಯಾಮೆರಾಕ್ಕೆ ಬುದ್ಧಿ ಕೊಡುವ ಪ್ರೋಗ್ರಾಮು ತಂದಿತು, ಕೊನೆಗೆ ಜಯರಾಜನಿಗೆ ಒಂದು ಕೇಕು ತಂದಿತು. ಕೇಕು ತಿಂದು ಮನೆಗೆ ಬಂದವನು ಮತ್ತೆ ಹೋಗಲಿಲ್ಲ.

ಅವನು ಅತ್ತದ್ದಿಲ್ಲ, ಸಿಡುಕಿದ್ದೂ ಇಲ್ಲ. ಆದರೆ ಎಲ್ ಕಮಿನೋ ರಸ್ತೆಯ ಇಂಡಿಯನ್ ಗ್ರೋಸರಿಯಲ್ಲಿ ಬೆಂಡೆಕಾಯಿ ಆರಿಸುವಾಗ ಒಂದೊಂದನ್ನೂ ವಸಂತಿಯ ಮುಂದೆ ಹಿಡಿದು, "ಇದು ಒಳ್ಳೇದುಂಟಾ?" ಎಂದು ಕೇಳತೊಡಗಿದ. ವಸಂತಿಗೆ ಎದೆಯೊಳಗೆ ಚುರುಕ್ಕೆಂದದ್ದು ಆವತ್ತು. ಕೆಲಸ ಹೋದರೆ ಹೋಗಲಿ, ಅವಳ ಡೇಕೇರ್ ಸಂಬಳ ಇತ್ತು, ಮನೆಯ ಸಾಲ ತೀರಿತ್ತು. ಆದರೆ ಬೆಂಡೆಕಾಯಿ ನೋಡಿ ಹೇಳಲಿಕ್ಕೂ ಧೈರ್ಯ ಇಲ್ಲದ ಗಂಡನನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ.

ಅಂಥ ದಿನಗಳಲ್ಲೇ ಊರಿನ ನಾಣ್ಯದ ಮೇಳಕ್ಕೆ ಇಬ್ಬರೂ ಹೋದರು. ಉದ್ದುದ್ದ ಮೇಜುಗಳು, ಪ್ರತಿ ಮೇಜಿಗೂ ಒಂದು ದೀಪ, ದೀಪದ ಕೆಳಗೆ ಬೋಳುತಲೆಗಳು. ಒಬ್ಬ ಡೀಲರ್ ಮುಂದೆ ಜಯರಾಜ ನಿಂತುಬಿಟ್ಟ. ಸಾಧಾರಣ ಡಾಲರುಗಳ ರಾಶಿಯಿಂದ ಒಂದನ್ನು ಅಂಚಿನಲ್ಲಿ ಹಿಡಿದು, ದೀಪದ ಕೆಳಗೆ ಮೆಲ್ಲಗೆ ಹೊರಳಿಸಿ ಹೊರಳಿಸಿ ನೋಡಿದ. ನ್ಯೂ ಆರ್ಲಿಯನ್ಸ್ ಟಂಕಸಾಲೆಯಲ್ಲಿ ಅಚ್ಚಾದದ್ದು. ಹೆಂಗಸಿನ ಮುಖದ ಮೇಲೆ ನೀಲಿ, ಕೆಂಪು, ಹೊಂಬಣ್ಣ ಸೇರಿ ಏನೋ ಒಂದು ಛಾಯೆ ಹಬ್ಬಿತ್ತು.

"ಇದು ಬಳಸಿದ ನಾಣ್ಯ ಅಲ್ಲ" ಅಂದ ಜಯರಾಜ.

ಡೀಲರ್ ಬಗ್ಗಿ ನೋಡಿ ನಕ್ಕ. ಕಿವಿಯ ಮೇಲಿನ ಕೂದಲು ಚಪ್ಪಟೆಯಾಗಿದೆ, ಎಷ್ಟೋ ಜೇಬುಗಳಲ್ಲಿ ತಿಕ್ಕಿ ಸವೆದದ್ದು, ಕುರುಡನಿಗೂ ಕಾಣುತ್ತದೆ ಅಂದ. ಜಯರಾಜ ಬಿಡಲಿಲ್ಲ. ಅದು ಸವೆತ ಅಲ್ಲ, ಆ ಟಂಕಸಾಲೆಯವರು ಅಚ್ಚನ್ನು ಬಲವಾಗಿ ಒತ್ತಲಿಲ್ಲ, ಹುಟ್ಟುವಾಗಲೇ ಚಪ್ಪಟೆ. ಸವೆದ ಜಾಗದಲ್ಲಿ ಬೆಳಕು ಸತ್ತುಹೋಗುತ್ತದೆ, ಇಲ್ಲಿ ಹರಿಯುತ್ತಾ ಉಂಟು ಎಂದು ತನ್ನ ಇಂಗ್ಲಿಷಿನಲ್ಲಿ ವಿವರಿಸಿದ. ಅಕ್ಕಪಕ್ಕದ ಮೇಜಿನವರೂ ತಲೆ ಎತ್ತಿದರು. ಡೀಲರ್ ಅವನ ಭುಜ ತಟ್ಟಿ, ಗೆಳೆಯಾ, ಮೊದಲು ಕಣ್ಣಿನ ಡಾಕ್ಟರರನ್ನು ಕಂಡು ಬಾ ಅಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ತಮಾಷೆಗೆ ಅಂದದ್ದು. ಆದರೆ ಜಯರಾಜನ ಮುಖ ಸಣ್ಣಗಾಯಿತು. ಸವೆದ ನಾಣ್ಯದ ಬೆಲೆಯನ್ನೇ ಕೊಟ್ಟು ಅದನ್ನು ಕೊಂಡು ಹೊರಗೆ ಬಂದ.

ಮನೆಯಲ್ಲಿ ದೀಪ ಹಾಕಿ ವಸಂತಿಗೆ ತೋರಿಸಿದ. "ನೋಡು, ಬೆಳಕು ಹೇಗೆ ಸುತ್ತುತ್ತಾ ಉಂಟು. ಕಿವಿಯ ಮೇಲೆ ಬಂದಾಗಲೂ ನಿಲ್ಲುವುದಿಲ್ಲ. ಕಂಡಿತಾ?"

ವಸಂತಿಗೆ ಕಂಡದ್ದು ಒಂದು ಹಳೆಯ ನಾಣ್ಯ. "ಹೌದು ಹೌದು" ಅಂದಳು, ಡೇಕೇರಿನಲ್ಲಿ ಮಕ್ಕಳು ಗೀಚಿದ್ದನ್ನು ತಂದು ಆನೆ ಅಂದಾಗ ಹೇಳುವ ಹಾಗೆ. ಡೀಲರ್ ಹೇಳಿದ್ದೇ ಸರಿ ಎಂದು ಅವಳಿಗೆ ಅನ್ನಿಸಿತ್ತು. ಪಾಪ, ಮನುಷ್ಯ ಏನನ್ನೋ ಹಿಡಿದುಕೊಂಡು ನಿಲ್ಲಬೇಕಲ್ಲ, ಇದನ್ನು ಹಿಡಿದುಕೊಂಡಿದ್ದಾನೆ ಅಂದುಕೊಂಡಳು.

ಜಯರಾಜ ಅದನ್ನು ಗ್ರೇಡಿಂಗಿಗೆ ಕಳಿಸುತ್ತೇನೆ ಅಂದ. ಗ್ರೇಡಿಂಗು ಅಂದರೆ, ನಾಣ್ಯ ಯಾರದ್ದು ಅಂತ ಗೊತ್ತಿಲ್ಲದ ಪರಿಣತರು ಒಬ್ಬರಾದ ಮೇಲೆ ಒಬ್ಬರು ನೋಡಿ, ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುವುದು. ಅರವತ್ತು ಮುಟ್ಟಬೇಕಾದರೆ ನಾಣ್ಯ ಒಮ್ಮೆಯೂ ಚಲಾವಣೆಗೆ ಹೋಗಿರಬಾರದು.

"ಅರವತ್ತು ಬಂದರೆ ನಾನು ನೋಡಿದ್ದು ಸರಿ" ಅಂದ.

"ಬಾರದಿದ್ದರೆ?"

"ಬಾರದಿದ್ದರೆ ಕಣ್ಣು ಹೋಯಿತು ಅಂತಲೇ ಲೆಕ್ಕ. ಎರಡೂ ಡಬ್ಬಿ ಮಾರಿ ಸುಮ್ಮನೆ ಟಿವಿ ನೋಡುತ್ತಾ ಕೂತರಾಯಿತು."

ನಗುತ್ತಾ ಹೇಳಿದ. ಆದರೆ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಯಾವುದು ನಗು, ಯಾವುದು ನಗುವಲ್ಲ ಎಂದು ತಿಳಿಯುತ್ತದೆ. ಆ ನಾಣ್ಯದ ಜೊತೆ ಅಂಚೆಗೆ ಹೋಗುವುದು ತನ್ನ ಗಂಡನೇ ಎಂದು ಅವಳಿಗೆ ಗೊತ್ತಾಯಿತು.

ಸೋಮವಾರ ಕಳಿಸುವುದು ಅಂತ ತೀರ್ಮಾನ. ಭಾನುವಾರ ಸ್ಯಾನ್ ರಮೋನಿನಲ್ಲಿ ವಿಜಯಶ್ರೀಯ ಮಗುವಿನ ನಾಮಕರಣ. ವಿಜಯಶ್ರೀ ಮಂಡ್ಯದ ಕಡೆಯ ಹುಡುಗಿ, ಲ್ಯಾಬಿನಲ್ಲಿ ಜಯರಾಜನ ಪಕ್ಕ ಕೂತು ಕೆಲಸ ಕಲಿತವಳು. ಹೊರಡುವ ಗಡಿಬಿಡಿ ಹೇಳುವುದು ಬೇಡ. ಸೀರೆಯ ನೆರಿಗೆ ನಿಲ್ಲಲಿಲ್ಲ, ಹಬೆಯಲ್ಲಿಟ್ಟ ಮೂಡೆ ಕಡುಬು ಬೇಯಲಿಲ್ಲ, ಜಯರಾಜ ಆಗಲೇ ಕೆಳಗೆ ಹೋಗಿ ಕಾರಿನಲ್ಲಿ ಕೂತಿದ್ದ. ವಸಂತಿ ಕವರು ಹಿಡಿದು ಮೇಜಿನ ಹತ್ತಿರ ಓಡಿದಳು. ಮೇಜಿನ ಮೇಲೆ ದೀಪದ ಕೆಳಗೆ ಒಂದು ಡಾಲರ್ ಇತ್ತು. ಯಾವತ್ತಿನ ಹಾಗೆ ತೆಗೆದಿಟ್ಟಿದ್ದಾರೆ ಅಂದುಕೊಂಡು, ಅದರ ಸಣ್ಣ ಚೀಲದಿಂದ ಜಾರಿಸಿ, ಕವರಿಗೆ ಹಾಕಿ, ನಾಲಿಗೆಯಿಂದ ಅಂಟು ಒದ್ದೆ ಮಾಡಿ ಮುಚ್ಚಿದಳು. ತೆಗೆದಿಟ್ಟ ಸಾಧಾರಣದ್ದು ಅಲ್ಲೇ ಪಕ್ಕದಲ್ಲಿ, ಅವಳು ತಂದಿಟ್ಟ ಇಸ್ತ್ರಿ ಬಟ್ಟೆಯ ಅಡಿಯಲ್ಲಿ ಇತ್ತು.

ಮರುದಿನ ಬೆಳಿಗ್ಗೆ ಜಯರಾಜ ಅಂಚೆಗೆ ಕಟ್ಟಲು ಕೂತಾಗ ವಿಷಯ ಹೊರಬಿತ್ತು. ಬಟ್ಟೆ ಎತ್ತಿದ, ಕೆಳಗಿದ್ದ ನಾಣ್ಯವನ್ನು ಒಂದು ಸಲ ನೋಡಿದ, ಖಾಲಿ ಚೀಲವನ್ನು ನೋಡಿದ. ಅವನು ಕೂಗುತ್ತಾನೆ ಅಂತ ವಸಂತಿ ಕಾದಳು. ಕೂಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಸುಮ್ಮನೆ ದೀಪ ಆರಿಸಿದ.

"ಈಗಲೇ ವಿಜಯಶ್ರೀಗೆ ಫೋನು ಮಾಡ್ತೇನೆ" ಅಂದಳು ವಸಂತಿ.

"ಬೇಡ. ಮಗುವಿಗೆ ಅಂತ ಕೊಟ್ಟಾಗಿದೆ. ಕೊಟ್ಟದ್ದನ್ನು ವಾಪಸು ಕೊಡಿ ಅಂತ ಕೇಳುವುದುಂಟಾ? ಅದೂ ಹನ್ನೆರಡು ದಿನದ ಕೂಸಿನ ಹತ್ತಿರ."

"ನಿಮಗೆ ಬೇಡದಿದ್ದರೆ ನನಗೆ ಬೇಕು."

"ನಿನಗೆ ಯಾಕೆ?"

ನೀವು ಟಿವಿ ಮುಂದೆ ಕೂರುವುದನ್ನು ನನ್ನಿಂದ ನೋಡಲಾಗುವುದಿಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಬಾಣಂತಿಗೆ ಅಂಟಿನುಂಡೆ ಕೊಡುವುದು ಬಾಕಿ ಇದೆ ಎಂದು ನೆಪ ತೆಗೆದಳು. ಡೇಕೇರಿಗೆ ರಜೆ ಹೇಳಿ ಬೆಳಗ್ಗೆಯಿಡೀ ನಿಂತು ಉಂಡೆ ಕಟ್ಟಿದಳು. ಬಟ್ಟೆಯ ಅಡಿ ಸಿಕ್ಕಿದ ಸಾಧಾರಣ ಡಾಲರನ್ನು ಮೆಲ್ಲಗೆ ಕೈಚೀಲಕ್ಕೆ ಇಳಿಸಿದಳು. ಮಗುವಿನ ಕೋಣೆಗೆ ಹೋಗುವುದು, ಇದನ್ನಿಟ್ಟು ಅದನ್ನೆತ್ತುವುದು, ಯಾರಿಗೂ ತಿಳಿಯುವುದಿಲ್ಲ, ಮಗುವಿಗೂ ನಷ್ಟವಿಲ್ಲ. ಅವಳ ಪ್ಲಾನು ಅಷ್ಟೇ.

ಕಾರು ಓಡಿಸಿದ್ದು ಜಯರಾಜ. ಫ್ರೀವೇ ಹತ್ತಿ ಬಹಳ ದೂರ ಹೋದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ: "ಬ್ಯಾಗಿನಲ್ಲಿ ಇರುವುದನ್ನು ಕಾರಿನಲ್ಲೇ ಬಿಟ್ಟು ಒಳಗೆ ಬಾ."

"ಎಂಥದು?"

"ಮೇಜಿನ ಮೇಲೆ ಇದ್ದದ್ದು ಈಗ ಅಲ್ಲಿಲ್ಲ."

ವಸಂತಿಗೆ ರೇಗಿತು. "ಅದೂ ಬೆಳ್ಳಿ, ಇದೂ ಬೆಳ್ಳಿ. ಕೂಸಿಗೆ ಎಂಥ ವ್ಯತ್ಯಾಸ ಗೊತ್ತಾಗ್ತದೆ?"

"ನಮಗೆ ಗೊತ್ತಾಗ್ತದಲ್ಲ" ಅಂದ ಅವನು.

ಇಂಥ ಮನುಷ್ಯನನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ. ಸ್ಯಾನ್ ರಮೋನ್ ಬರುವವರೆಗೂ ಅವಳು ಕಿಟಕಿಯ ಕಡೆ ಮುಖ ಹಾಕಿದಳು. ಸಿಟ್ಟು ಬಂದದ್ದು ನಿಜ, ಅದರ ಕೆಳಗೆ ಹೆಮ್ಮೆ ಇದ್ದದ್ದೂ ನಿಜ. ಆದರೂ ನಾಣ್ಯವನ್ನು ಚೀಲದಿಂದ ತೆಗೆಯಲಿಲ್ಲ.

ಬಾಗಿಲು ತೆಗೆದದ್ದು ವಿಜಯಶ್ರೀಯ ತಾಯಿ ಸಣ್ಣತಾಯಮ್ಮ. ಬಾಣಂತನಕ್ಕೆಂದು ಮಂಡ್ಯದಿಂದ ಬಂದ ಹೆಂಗಸು, ಮಗಳ ಮನೆಯ ಒಲೆಯನ್ನೂ ಅಳಿಯನನ್ನೂ ಆಗಲೇ ತನ್ನ ಕೈಗೆ ತೆಗೆದುಕೊಂಡಿದ್ದಳು.

"ಬನ್ನಿ ಬನ್ನಿ, ಕುಂತ್ಕಳಿ. ನಿಮ್ಮನ್ನೇ ನೆನ್ಸ್ಕತಿದ್ದೆ ಕಣವ್ವ. ಎಲ್ರೂ ನೋಟು ಕೊಟ್ರೆ ನೀವು ಬೆಳ್ಳಿ ರೂಪಾಯಿ ಮುಯ್ಯಿ ಮಾಡಿದ್ರಿ. ನಮ್ಮವ್ವನ ಕಾಲ್ದಲ್ಲಿ ನೋಡಿದ್ದೆ ಅಂಥದ್ನ. ತಡೀರಿ, ತೋರುಸ್ತೀನಿ."

ವಸಂತಿ ಬೇಡ ಅನ್ನುವಷ್ಟರಲ್ಲಿ ಸಣ್ಣತಾಯಮ್ಮ ತೊಟ್ಟಿಲಿನಿಂದ ಅದನ್ನು ತಂದು ಅಂಗೈ ಮೇಲೆ ಹಿಡಿದಳು. ಹದ್ದು ಫಳಫಳ ಹೊಳೆಯುತ್ತಿತ್ತು. ಹೊಸ ಸ್ಟೀಲು ಲೋಟದಷ್ಟು ಬೆಳ್ಳಗೆ.

"ಮಸುಕಾಗಿತ್ತು. ಹುಣ್ಸೆಹಣ್ಣು ಹಾಕಿ ಉಜ್ದೆ. ಈಗ ನೋಡಿ ಹೆಂಗಯ್ತೆ. ಒಂದು ಕುಣಿಕೆ ಹಾಕ್ಸಿ ತೊಟ್ಟಿಲಿಗೆ ಕಟ್ಟೋಣಾಂತ ಇವ್ನಿ."

ನಾಣ್ಯ ಸಂಗ್ರಹಿಸುವವರ ಮನೆಯಲ್ಲಿ ಬಾಳಿದ ವಸಂತಿಗೆ ಇಷ್ಟು ಗೊತ್ತಿತ್ತು: ಉಜ್ಜಿದ ನಾಣ್ಯಕ್ಕೆ ಯಾರೂ ಅಂಕ ಕೊಡುವುದಿಲ್ಲ. ಅರವತ್ತೂ ಇಲ್ಲ, ಆರೂ ಇಲ್ಲ. ಬದಲಾಯಿಸುವುದಕ್ಕೂ ದಾರಿ ಉಳಿದಿರಲಿಲ್ಲ, ಸಣ್ಣತಾಯಮ್ಮನ ಕೈಕೆಲಸ ಅದರ ಮೇಲೆ ಬರೆದಿಟ್ಟ ಹಾಗಿತ್ತು. ಅವಳು ಅಲ್ಲೇ ಸೋಫಾದ ಮೇಲೆ ಕೂತು ಅಳಲಿಕ್ಕೆ ಶುರುಮಾಡಿದಳು. ಅಳುತ್ತಲೇ ಎಲ್ಲವನ್ನೂ ಒದರಿಬಿಟ್ಟಳು, ಡೀಲರ್, ಅಂಚೆ, ಇಸ್ತ್ರಿ ಬಟ್ಟೆ, ಕೈಚೀಲದಲ್ಲಿದ್ದ ಇನ್ನೊಂದು ಡಾಲರ್ ಸಮೇತ. ಕೋಣೆಯಿಂದ ಬಂದ ವಿಜಯಶ್ರೀ ಗಾಬರಿಯಾಗಿ, "ಆಂಟಿ, ಪ್ಲೀಸ್, ನೀವು ಅದನ್ನ ತಗೊಂಡ್ಹೋಗಿ. ಜೆ.ಆರ್. ಸರ್, ಐ ಆ್ಯಮ್ ಸೋ ಸಾರಿ, ಅಮ್ಮಂಗೆ ಗೊತ್ತಾಗ್ಲಿಲ್ಲ" ಅಂತ ತಡವರಿಸಿದಳು. ಸಣ್ಣತಾಯಮ್ಮ ನಾಣ್ಯವನ್ನು ಹಿಡಿದುಕೊಂಡು ನಿಂತೇ ಇದ್ದಳು.

ಜಯರಾಜ ಕೈ ಚಾಚಿ ಅದನ್ನು ಅಂಚಿನಲ್ಲಿ ಹಿಡಿದ. ಹದ್ದಿನ ಕಡೆ ಒಮ್ಮೆ ನೋಡಿ, ಮೆಲ್ಲಗೆ ತಿರುಗಿಸಿದ. ಹೆಂಗಸಿನ ಮುಖದ ಮೇಲೆ ಆ ನೀಲಿ, ಕೆಂಪು, ಹೊಂಬಣ್ಣ ಹಾಗೆಯೇ ಇತ್ತು.

"ಈ ಮಗ್ಗುಲು ಉಜ್ಜಲಿಲ್ಲವಾ ಅಮ್ಮ?"

"ಇಲ್ಲ ಕಣಪ್ಪ. ಮೊಕ ಉಜ್ಜಕ್ಕೆ ಮನ್ಸಾಗ್ಲಿಲ್ಲ. ನವಿಲುಗರಿ ಬಣ್ಣ ಇತ್ತಲ್ಲ, ಚೆಂದಾಗಿತ್ತು, ಬಿಟ್ಬುಟ್ಟೆ. ನಂಗೇನ್ ಗೊತ್ತು, ಇಷ್ಟೆಲ್ಲ ಆಯ್ತದೆ ಅಂತ."

"ಒಳ್ಳೇದು ಮಾಡಿದಿರಿ" ಅಂದ ಜಯರಾಜ. ಅವನ ದನಿಯಲ್ಲಿ ಎಷ್ಟೋ ದಿನದಿಂದ ಇಲ್ಲದ ಚುರುಕು ಇತ್ತು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದ, ಲ್ಯಾಬಿನಲ್ಲಿ ಹಿಡಿಯುತ್ತಿದ್ದ ಹಾಗೆಯೇ. "ಹೆದರಬೇಡಿ. ನಾಣ್ಯ ಮಗುವಿನದ್ದೇ. ಇದು ಯಾರ ಜೇಬಿಗೂ ಹೋದದ್ದಲ್ಲ ಅಮ್ಮ. ಟಂಕಸಾಲೆಯಿಂದ ಹೇಗೆ ಹೊರಟಿತೋ ಹಾಗೇ ಉಂಟು. ಯಾರೂ ಇದನ್ನು ಖರ್ಚು ಮಾಡಲಿಲ್ಲ. ಒಂದೇ ಒಂದು ಸಲ ನನ್ನ ಕೈಗೆ ಕೊಡಿ, ಪರೀಕ್ಷೆಗೆ ಕಳಿಸಿ ತಿರುಗಿ ತಂದು ಕೊಡ್ತೇನೆ."

"ಹೌದಾ? ಯಾರೂ ಖರ್ಚ್ ಮಾಡಿಲ್ವಾ?" ಸಣ್ಣತಾಯಮ್ಮನ ಮುಖ ಅರಳಿತು. "ಹಂಗಾರೆ ನಮ್ ಕೂಸಿಗೇ ಮೊದ್ಲು ಬಂದಂಗಾಯ್ತು. ಕಳ್ಸಿ ಕಳ್ಸಿ, ಅದುಕ್ಕೇನಂತೆ. ಅಳಬ್ಯಾಡ ಸುಮ್ನಿರವ್ವ ನೀನು. ಉಂಡೆ ತಂದಿದ್ಯಲ್ಲ, ಕೊಡಿಲ್ಲಿ, ನೋಡಾನ ಪಾಕ ಹೆಂಗ್ ಬಂದದೆ."

ದಾರಿಯಲ್ಲಿ ವಸಂತಿ ಕೇಳಿದಳು, ಉಜ್ಜಿದ್ದಕ್ಕೆ ಅಂಕ ಕೊಡುವುದಿಲ್ಲವಲ್ಲ, ಇನ್ನು ಕಳಿಸಿ ಏನು ಪ್ರಯೋಜನ ಅಂತ. ಅಂಕ ಕೊಡದಿದ್ದರೂ ಬಳಸಿದ್ದೋ ಬಳಸದ್ದೋ ಎಂದು ಲೇಬಲ್ಲಿನ ಮೇಲೆ ಬರೆಯುತ್ತಾರೆ ಅಂದ ಜಯರಾಜ. ತನಗೆ ಅಷ್ಟು ಸಾಕು ಅಂದ. ಮುಖ ಉಳಿದಿದೆಯಲ್ಲ, ಅದರ ಮೇಲೆ ನೋಡಿ ಹೇಳುತ್ತಾರೆ.

ನಾಣ್ಯ ಹೋಯಿತು. ಆಮೇಲಿನ ವಾರಗಳನ್ನು ವಸಂತಿ ಹೇಗೆ ಕಳೆದಳೋ ಅವಳಿಗೇ ಗೊತ್ತು. ಟಪಾಲಿನವನ ಗಾಡಿ ತಿರುವಿನಲ್ಲಿ ಕಂಡರೆ ಸಾಕು, ಒಲೆಯ ಮೇಲಿನ ಒಗ್ಗರಣೆ ಸೀದರೂ ಎಚ್ಚರವಿರುತ್ತಿರಲಿಲ್ಲ. ದೇವರಿಗೆ ದೀಪ ಹಚ್ಚುವಾಗ, ಅವರ ಕಣ್ಣು ಅವರಿಗೆ ವಾಪಸು ಕೊಡು, ಬೇರೆ ಏನೂ ಕೇಳುವುದಿಲ್ಲ ಎಂದು ಬೇಡಿಕೊಳ್ಳುತ್ತಿದ್ದಳು. ಕೃಷ್ಣನ ಊರಿನವಳು, ಕೃಷ್ಣನಲ್ಲಿ ಸಲಿಗೆ ಜಾಸ್ತಿ. ಸ್ವಲ್ಪ ಗದರಿಸಿಯೂ ಬೇಡಿರಬಹುದು.

ಪೊಟ್ಟಣ ಬಂದದ್ದು ಒಂದು ಶನಿವಾರ. ಜಯರಾಜ ಕತ್ತರಿಯಿಂದ ಅಂಟುಪಟ್ಟಿ ಕತ್ತರಿಸಿದ. ಆತುರ ಪಡಲಿಲ್ಲ, ಅವನ ಜಾಯಮಾನವೇ ಅದಲ್ಲ. ಪೆಟ್ಟಿಗೆ ಹೊರಗೆ ತೆಗೆದು ಲೇಬಲ್ ಓದಿದವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ವಸಂತಿ ಪೆಟ್ಟಿಗೆಯನ್ನು ಕೈಯಿಂದ ಕಿತ್ತುಕೊಂಡು ತಾನೇ ಓದಿದಳು. ಅಂಕ ಇರಲಿಲ್ಲ. ಹಿಂಬದಿಯನ್ನು ಉಜ್ಜಲಾಗಿದೆ ಎಂದಿತ್ತು. ಅದರ ಮೇಲಿನ ಸಾಲಿನಲ್ಲಿ, ಚಲಾವಣೆಗೆ ಹೋಗದ ನಾಣ್ಯ ಎಂದಿತ್ತು.

"ನೀವು ಹೇಳಿದ್ದೇ ಆಯ್ತಲ್ಲ" ಅಂದಳು.

"ಹ್ಞೂಂ" ಅಂದ ಜಯರಾಜ. ಕನ್ನಡಕ ಮತ್ತೆ ಹಾಕಿಕೊಂಡು, "ಅವರ ಕಣ್ಣೂ ಭಾರೀ ಉಂಟು. ಹುಣಸೆಹಣ್ಣನ್ನೂ ಬಿಡಲಿಲ್ಲ ನೋಡು" ಅಂದು ನಕ್ಕ. ಅದು ನಿಜವಾದ ನಗು. ವಸಂತಿಗೆ ಆ ಡೀಲರನ ಮೇಜಿನ ಮೇಲೆ ಈ ಪೆಟ್ಟಿಗೆಯನ್ನು ಠಪ್ಪೆಂದು ಇಡಬೇಕು ಅನ್ನಿಸಿತು, ಬಾಯಿ ಬಿಟ್ಟು ಹೇಳಿದಳು ಕೂಡ. ಅವನಿಗೆ ಯಾಕೆ ತೋರಿಸುವುದು, ಪಾಪ, ಅವನ ವ್ಯಾಪಾರ ಅವನದ್ದು, ಮಗುವಿನ ವಸ್ತು ಮಗುವಿಗೆ ಮುಟ್ಟಿಸಿ ಬರುವ, ಏಳು ಅಂದ ಜಯರಾಜ.

ಸ್ಯಾನ್ ರಮೋನಿನಲ್ಲಿ ಮಗು ತುಸು ಮೈದುಂಬಿತ್ತು. ಸಣ್ಣತಾಯಮ್ಮ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಕುಣಿಕೆ ಎಲ್ಲಿ ಹಾಕುವುದು ಎಂದು ಯೋಚಿಸಿದಳೋ ಏನೋ. ಆಮೇಲೆ ಲೇಬಲ್ಲಿನ ಮೇಲೆ ಬೆರಳಿಟ್ಟು, "ಇದ್ರಲ್ಲೇನ್ ಬರ್ದವ್ರೆ?" ಅಂದಳು.

ವಸಂತಿ ಬೆನ್ನು ನೆಟ್ಟಗೆ ಮಾಡಿಕೊಂಡು, ಸುದ್ದಿ ಓದುವವರ ಗತ್ತಿನಲ್ಲಿ ಹೇಳಿದಳು: "ಇದನ್ನು ಯಾರೂ ಖರ್ಚು ಮಾಡಲಿಲ್ಲ ಅಂತ ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದಾರೆ."

ಸಣ್ಣತಾಯಮ್ಮ ತಲೆ ಎತ್ತಿದಳು. "ಅಷ್ಟೇಯಾ? ಅವತ್ತೇ ನಿಮ್ ಯಜಮಾನ್ರು ನೋಡಿ ಹೇಳುದ್ರಲ್ಲವ್ವ. ಅದ್ನೇ ಕೇಳಕ್ಕೆ ಅಷ್ಟು ದೂರ ಯಾಕ್ ಕಳ್ಸಿದ್ರಿ?"

ಅಣಕವಿಲ್ಲ, ಕುಹಕವಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ವಸಂತಿ ಗಂಡನ ಕಡೆ ತಿರುಗಿ ನೋಡಿದಳು. ಡೀಲರ್ ನಂಬಲಿಲ್ಲ, ಸರಿ, ಅವನು ಯಾರೋ ದಾರಿಹೋಕ. ಕಂಪನಿಯೂ ಬೇಡ ಅಂದಿತು. ಮದುವೆಯಾದಂದಿನಿಂದ ಜೊತೆಯಲ್ಲಿ ಉಂಡು ಮಲಗಿ ಎದ್ದ ತಾನು? ಕೃಷ್ಣನನ್ನು ಬೇಡಿದಳು, ಟಪಾಲಿನವನನ್ನು ಕಾದಳು, ಗುರುತುಪರಿಚಯವಿಲ್ಲದವರು ಬರೆದ ಎರಡು ಸಾಲು ಓದಿ ಆಮೇಲೆ ಒಪ್ಪಿದಳು. ಈ ಹೆಂಗಸು ಅಂಟಿನುಂಡೆಯ ಪಾಕವನ್ನಾದರೂ ಬಾಯಿಗೆ ಹಾಕಿ ನೋಡಿಯೇ ಒಪ್ಪಿದ್ದು. ಜಯರಾಜನ ಮಾತನ್ನು ಹಾಗೆಯೇ ತೆಗೆದುಕೊಂಡಿದ್ದಳು.

ವಾಪಸು ಹೊರಟಾಗ ಕಾರಿನ ಬಾಗಿಲ ಹತ್ತಿರ ವಸಂತಿ ನಿಂತಳು. ಮನಸ್ಸಿನಲ್ಲಿ ಇಟ್ಟುಕೊಂಡರೆ ಜೀರ್ಣವಾಗುವ ಮಾತಾಗಿರಲಿಲ್ಲ ಅದು.

"ನಾನೂ ನಂಬಿರಲಿಲ್ಲ ಇವರೇ" ಅಂದಳು. "ಆ ಡೀಲರ್ ಹೇಳಿದ್ದೇ ಸರಿ ಅಂದುಕೊಂಡಿದ್ದೆ."

ಜಯರಾಜ ಕೀಲಿ ತಿರುಗಿಸುತ್ತಾ ಅವಳ ಕಡೆ ನೋಡಿದ.

"ಗೊತ್ತುಂಟು ಮಾರಾಯ್ತಿ. ನಿನ್ನ ಮುಖ ನೋಡಿದರೆ ನನಗೆ ಕಾಣುವುದಿಲ್ಲವಾ?"